ದಾಸೋಹದ ಲೆಕ್ಕ, ಬರಗಾಲದ ಲೆಕ್ಕ

ದಾನವು ಪುಣ್ಯಕರವೆಂಬುದನ್ನು ಎಲ್ಲ ಮತಗಳೂ ಒಪ್ಪಿರುವವು. ಆದರೆ ಕೊಟ್ಟ ದಾನವು ಸೇರತಕ್ಕವರಿಗೆ ಸೇರುತ್ತಿರುವದೋ ಇಲ್ಲವೋ ಎಂಬುದನ್ನು ಪರೀಕ್ಷಿಸುವದೂ ದಾನದಷ್ಟೇ ಅವಶ್ಯವಾದ ಧರ್ಮವೆಂಬ ಮಾತನ್ನು ಬಹುಜನರು ಮನಸ್ಸಿಗೆ ತಂದುಕೊಳ್ಳುವದಿಲ್ಲ. ಗೃಹಸ್ಥನೊಬ್ಬನು ತನ್ನ ಬಾಗಿಲಿಗೆ ಬಂದ ಹಸಿದವನಿಗೆ ರೊಟ್ಟಿಯನ್ನು ಕೊಡುವಾಗ ಲೆಕ್ಕದ ಪ್ರಶ್ನೆಯೇ ಹುಟ್ಟದು. ಉಣ್ಣುವವನು ಕೊಡುವವನ ಕಣ್ಣೆದುರಿಗೇ ಇರುವನು. ಮಠವೊಂದು ನಿತ್ಯವೂ ನೂರಾರು ಜನರಿಗೆ ಅನ್ನವಿಕ್ಕುವಾಗ, ಅಥವಾ ಸರಕಾರವೊಂದು ಬರಗಾಲದಲ್ಲಿ ಲಕ್ಷಾವಧಿ ಪ್ರಜೆಗಳನ್ನು ಪೋಷಿಸಬೇಕಾದಾಗ, ಕೊಡುವವನಿಗೂ ಕೊಳ್ಳುವವನಿಗೂ ನಡುವೆ ಉಗ್ರಾಣದವನು, ಅಳೆಯುವವನು, ಪಟ್ಟಿ ಬರೆಯುವವನು, ಕಾರಕೂನನು ಎಂದು ಅನೇಕ ಕೈಗಳು ಬರುವವು. ಆಗ ಎರಡು ದೋಷಗಳು ಸಂಭವಿಸುವವು. ಅವಶ್ಯಕತೆಯಿಲ್ಲದವನು ಪಟ್ಟಿಯಲ್ಲಿ ಸೇರಿ ಉಣ್ಣುವದು ಒಂದು. ಅವಶ್ಯಕತೆಯುಳ್ಳವನು ಪಟ್ಟಿಯಿಂದ ಹೊರಗುಳಿದು ಉಪವಾಸ ಬೀಳುವದು ಎರಡನೆಯದು. ಮೊದಲನೆಯ ದೋಷದಿಂದ ಭಂಡಾರಕ್ಕೆ ನಷ್ಟ, ಎರಡನೆಯದರಿಂದ ಪ್ರಾಣಕ್ಕೆ ನಷ್ಟ. ಇವೆರಡರಲ್ಲಿ ಯಾವದನ್ನು ಕಾಯಲು ಕಾವಲುಗಾರನನ್ನು ನಿಲ್ಲಿಸಿದರೆಂಬುದರ ಮೇಲಿಂದಲೇ ಆಯಾ ಕಾಲದ ದಾನದ ಯೋಗ್ಯತೆಯನ್ನು ತಿಳಿಯಬಹುದಾಗಿದೆ. ತೇರದಾಳದ ಸುತ್ತಣ ಸೀಮೆಯ ಇತಿಹಾಸವು ಈ ವಿಷಯದಲ್ಲಿ ಕಲಿಸುವ ಪಾಠವು ಅಲ್ಪವಲ್ಲ.

ತೇರದಾಳವು ಕೃಷ್ಣಾನದಿಯ ದಕ್ಷಿಣಕ್ಕೆ ಎರೆಯ ಸೀಮೆಯಲ್ಲಿರುವ ಪುರಾತನ ಗ್ರಾಮವು. ಶ್ರೀ ಅಲ್ಲಮಪ್ರಭುಗಳ ದೇವಾಲಯದಿಂದ ಶಿವಭಕ್ತರಿಗೆ ಇದು ಚಿರಪರಿಚಿತವಾಗಿರುವದು. ರಟ್ಟರ ಕಾಲದಲ್ಲಿ ಇದು ಕೂಂಡಿ ಮೂರುಸಾಸಿರದೊಳಗೆ ಹನ್ನೆರಡು ಹಳ್ಳಿಗಳಿಗೆ ಮುಖ್ಯ ಸ್ಥಳವಾಗಿತ್ತು. ಇಲ್ಲಿಯ ಶಿಲಾಶಾಸನದಿಂದ, ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ ಆಳಿಕೆಯಲ್ಲಿ ಶಕ 1045ರಲ್ಲಿ, ಅಂದರೆ ಕ್ರಿ. ಶ. 1123ರ ಸುಮಾರಿಗೆ, ಮಾಂಡಲಿಕ ಗೊಂಕನು ನೇಮಿನಾಥನ ಬಸದಿಯನ್ನು ಕಟ್ಟಿಸಿ ದೇವಪೂಜೆಗೂ ಮುನಿಗಳ ಆಹಾರದಾನಕ್ಕೂ ಭೂಮಿಯನ್ನು ಬಿಟ್ಟ ಸಂಗತಿಯು ತಿಳಿದುಬರುತ್ತದೆ. ಅದೇ ಕಲ್ಲಿನ ಮೇಲೆ ಆ ಶತಮಾನದ ಮುಂದಣ ದಾನಗಳೂ ಸೇರಿಕೊಂಡಿರುವವು. ಇದು ಅನ್ಯಮತದ ದಾನವಾದರೂ ದಾನವನ್ನು ನಡೆಯಿಸುವ ರೀತಿಯು ಆ ಕಾಲದ ಎಲ್ಲ ಮತದವರಿಗೂ ಸಮಾನವಾಗಿದ್ದದ್ದರಿಂದ ವಿಚಾರಕ್ಕೆ ಯೋಗ್ಯವಾಗಿರುವದು.

ಆ ಕಾಲದವರು ದಾನವನ್ನು ಬಾಯಿಮಾತಿನ ಮೇಲೆ ಬಿಡುತ್ತಿರಲಿಲ್ಲ. ಭೂಮಿಯನ್ನು ಗೊತ್ತಾದ ಗಳೆಯಿಂದ ಅಳೆದು, ನಾಲ್ಕು ಮೇರೆಗಳನ್ನು ಹೇಳಿ, ಉತ್ಪನ್ನವು ಯಾವ ಕಾರ್ಯಕ್ಕೆ ಸಲ್ಲಬೇಕೆಂಬುದನ್ನು ಬೇರೆಬೇರೆಯಾಗಿ ಬರೆಯಿಸಿ, ಊರ ಪ್ರಮುಖರ ಸಮಕ್ಷಮದಲ್ಲಿ ಧಾರೆಯೆರೆಯುತ್ತಿದ್ದರು. ಅದನ್ನು ಅಪಹರಿಸಿದವನು ಅರುವತ್ತು ಸಾವಿರ ವರ್ಷ ಕ್ರಿಮಿಯಾಗಿ ಹುಟ್ಟುವನೆಂಬ ಶಾಪದಿಂದ ಶಾಸನವನ್ನು ಮುಗಿಸುತ್ತಿದ್ದರು. ಕಲ್ಲನ್ನು ಜನರು ನಿತ್ಯ ತಿರುಗಾಡುವ ಸ್ಥಳದಲ್ಲಿ ನಿಲ್ಲಿಸಿದ್ದರಲ್ಲಿ ಒಂದು ಮರ್ಮವಿರುವದು. ದಾನದ ಲೆಕ್ಕವು ಪೆಟ್ಟಿಗೆಯೊಳಗಣ ಗುಟ್ಟಾಗಿರದೆ ಊರಿನ ಎಲ್ಲರೂ ಓದಿ ಕೇಳಿ ತಿಳಿಯತಕ್ಕ ವಸ್ತುವಾಗಿತ್ತು. ಆದರೂ ಈ ಏರ್ಪಾಡು ದಾನದ ಮೂಲವನ್ನು ಕಾಯುತ್ತಿತ್ತೇ ಹೊರತು, ದಿನದಿನದ ಅನ್ನವು ಯಾರ ಎಡೆಗೆ ಬಿದ್ದಿತೆಂಬುದನ್ನು ಕಲ್ಲು ಹೇಳಲಾರದು. ಆ ಸೂಕ್ಷ್ಮವನ್ನು ವಿಚಾರಿಸಿದವರು ಅದೇ ಶತಮಾನದ ಕಲ್ಯಾಣದ ಶರಣರು.

ಬಿಜ್ಜಳನ ಭಂಡಾರಿಯಾಗಿದ್ದ ಬಸವಣ್ಣನವರು ರಾಜದ್ರವ್ಯವನ್ನು ಜಂಗಮರಿಗೆ ಸೂರೆಮಾಡುತ್ತಿರುವರೆಂದು ಕೆಲವರು ದೊರೆಗೆ ಚಾಡಿ ಹೇಳಿದ ಕಥೆಯು ಬಸವಪುರಾಣದಿಂದ ಪ್ರಸಿದ್ಧವಾಗಿರುವದು. ಬಿಜ್ಜಳನು ಲೆಕ್ಕವನ್ನು ಕೇಳಿದನು. ಬೊಕ್ಕಸವನ್ನು ತೆರೆದು ಎಣಿಸಲಾಗಿ ಒಂದು ಹೊನ್ನೂ ಕಡಿಮೆಯಾಗಿರಲಿಲ್ಲ. ಭಕ್ತರು ಇದನ್ನು ಪವಾಡವೆಂದು ಭಾವಿಸುವದು ಯುಕ್ತವೇ. ಅದರೊಡನೆ ಇನ್ನೊಂದಂಶವನ್ನೂ ಗಮನಿಸತಕ್ಕದ್ದು: ಲೆಕ್ಕವನ್ನು ಕೇಳಿದಾಗ ಬಸವಣ್ಣನವರು ಸಿಟ್ಟಾಗಲಿಲ್ಲ, ತಮ್ಮ ಭಕ್ತಿಯನ್ನೇ ಸಾಕ್ಷಿಯಾಗಿ ಒಡ್ಡಿ ತಪ್ಪಿಸಿಕೊಳ್ಳಲಿಲ್ಲ, ಬೀಗವನ್ನು ತೆಗೆದು ತೋರಿಸಿದರು. ಪರರ ದ್ರವ್ಯವನ್ನು ಕೈಯಲ್ಲಿ ಹಿಡಿದವನು ಎಷ್ಟೇ ಶುದ್ಧನಾಗಿದ್ದರೂ ತನಿಖೆಗೆ ಹೊರಗಾದವನಲ್ಲವೆಂಬ ನೀತಿಯು ಇದರಲ್ಲಿ ಅಡಗಿರುವದು.

ಕೊಳ್ಳುವವರ ಪಕ್ಷದಿಂದಲೂ ಶರಣರು ಇಂಥದೇ ನಿಷ್ಠೆಯನ್ನು ತೋರಿದರು. ಆಯ್ದಕ್ಕಿ ಮಾರಯ್ಯನು ಒಂದು ದಿನ ನಿತ್ಯದ ಕಾಯಕಕ್ಕಿಂತ ಹೆಚ್ಚಿನ ಅಕ್ಕಿಯನ್ನು ಮನೆಗೆ ತರಲು, ಸತಿ ಲಕ್ಕಮ್ಮನು ಅದನ್ನು ಒಲೆಗೇರಿಸದೆ, ಮಿಕ್ಕದ್ದನ್ನು ತಂದಲ್ಲಿಯೇ ಚೆಲ್ಲಿ ಬರಬೇಕೆಂದು ಹಿಂದಿರುಗಿಸಿದಳು. ಕಟ್ಟಿಗೆಯನ್ನು ಮಾರಿ ದಾಸೋಹ ನಡೆಯಿಸುತ್ತಿದ್ದ ಮೋಳಿಗೆಯ ಮಾರಯ್ಯನ ಬಡತನವನ್ನು ಕಂಡು ಬಸವಣ್ಣನವರು ಅವನ ಮನೆಯಲ್ಲಿ ಗುಟ್ಟಾಗಿ ಹೊನ್ನನ್ನಿಟ್ಟು ಬಂದಾಗ, ಅವನು ಅದನ್ನು ತನ್ನದೆಂದು ಇಟ್ಟುಕೊಳ್ಳದೆ ಜಂಗಮರಿಗೆ ಹಂಚಿಬಿಟ್ಟನೆಂದು ಹೇಳುವರು. ಕೊಳ್ಳುವವನ ಅವಶ್ಯಕತೆಯನ್ನು ಹೊರಗಿನಿಂದ ಊಹಿಸುವದರಲ್ಲಿ ಬಸವಣ್ಣನವರಂಥ ಮಹಾತ್ಮರಿಗೂ ತೊಡಕು ಬಂದಿತೆಂಬುದು ಈ ಕಥೆಯ ತಾತ್ಪರ್ಯವು. ಕೊಡುವವನು ಲೆಕ್ಕ ತೋರಿಸುವದು, ಕೊಳ್ಳುವವನು ಮಿತಿಯನ್ನು ತಾನೇ ಅರಿಯುವದು, ಇವೆರಡೂ ಕೂಡಿದಲ್ಲಿ ದಾಸೋಹಕ್ಕೆ ಕಾವಲುಗಾರನು ಬೇಕಾಗುವದಿಲ್ಲ.

ಆದರೆ ಲೋಕವೆಲ್ಲ ಕಲ್ಯಾಣವಲ್ಲ. ಸೀಮೆಗೆ ಸೀಮೆಯೇ ಹಸಿದಾಗ ಮಠಗಳ ಉಗ್ರಾಣಗಳೂ ಸಾಹುಕಾರರ ಹಗೇವುಗಳೂ ಸಾಲದೆ ಹೋಗುವವು. ಆಗ ರಾಜ್ಯಾಧಿಕಾರವು ಮುಂದೆ ಬರಲೇಬೇಕಾಗುವದು. ಅಂಥ ಕಾಲವು 1876ರಲ್ಲಿ ಬಂದಿತು. ಧಾತು ಮತ್ತು ಈಶ್ವರ ಸಂವತ್ಸರಗಳ ಆ ಮಹಾಕ್ಷಾಮವನ್ನು ಹಿರಿಯರು ಧಾತು-ಈಶ್ವರದ ಬರವೆಂದು ಕರೆದರು. ಆಗ ತೇರದಾಳವು ರಬಕವಿಯೊಡನೆ ಸಾಂಗ್ಲಿಯ ಪಟವರ್ಧನರ ಸಂಸ್ಥಾನಕ್ಕೆ ಸೇರಿತ್ತು. ಪಕ್ಕದಲ್ಲಿ ಜಮಖಂಡಿ, ಮುಧೋಳ ಸಂಸ್ಥಾನಗಳು. ಅವುಗಳಾಚೆ ಇಂಗ್ಲಿಷರ ಕಲಾದಗಿ ಜಿಲ್ಲೆ. ಈ ಜಿಲ್ಲೆಯ ಮುಖ್ಯ ಕಚೇರಿಯು 1885ರಲ್ಲಿ ವಿಜಾಪುರಕ್ಕೆ ಹೋಯಿತು. ಮೇರೆಗಳು ಕಾಗದದ ಮೇಲೆ ಬೇರೆಬೇರೆಯಾಗಿದ್ದರೂ ಮಳೆಯು ಎಲ್ಲ ಕಡೆಗೂ ಒಂದೇ ರೀತಿಯಾಗಿ ತಪ್ಪಿತು. ಜೋಳವು ಒಣಗಿತು, ದನಗಳು ಸತ್ತವು, ಜನರು ಗುಳೆ ಹೊರಟರು.

ಮುಂಬಯಿ ಸರಕಾರವು ಕಾಮಗಾರಿಗಳನ್ನು ತೆರೆದು ಕೂಲಿಯ ಮೂಲಕ ಅನ್ನವನ್ನು ಒದಗಿಸುವ ಮಾರ್ಗವನ್ನು ಹಿಡಿಯಿತು. ಕೆರೆ, ರಸ್ತೆಗಳ ಕೆಲಸಗಳು ನಡೆದವು. ಹೊಟಗಿಯಿಂದ ಗದಗಿನವರೆಗಿನ ರೈಲುದಾರಿಯ ಮಣ್ಣಿನ ಕೆಲಸದಲ್ಲಿಯೂ ಕ್ಷಾಮಪೀಡಿತರ ಬೆವರು ಸೇರಿರುವದು. ಕೆಲಸದ ಸ್ಥಳದಲ್ಲಿ ಜನರನ್ನು ಗುಂಪುಗಳಾಗಿ ಮಾಡಿ, ಪ್ರತಿಯೊಂದು ಗುಂಪಿಗೆ ಮುಕದ್ದಮನನ್ನು ನೇಮಿಸಿ, ಕಾರಕೂನನು ಹಾಜರಿ ಪಟ್ಟಿಯನ್ನು ಬರೆದು, ಅಗೆದ ಮಣ್ಣನ್ನು ಅಳೆದು ಕೂಲಿಯನ್ನು ಹಂಚುತ್ತಿದ್ದರು. ನಿಜವಾಗಿ ಹಸಿದವನು ಮಾತ್ರ ಬಿಸಿಲಿನಲ್ಲಿ ಕಲ್ಲೊಡೆಯಲು ಬರುವನಾದ್ದರಿಂದ ಶ್ರಮವೇ ಅವಶ್ಯಕತೆಯ ಪರೀಕ್ಷೆಯೆಂದು ಅಧಿಕಾರಿಗಳು ಭಾವಿಸಿದರು. ಅದರ ಮೇಲೆ ಮನೆಬಿಟ್ಟು ದೂರದ ಕೆಲಸಕ್ಕೆ ಬರಬೇಕೆಂಬ ದೂರದ ಪರೀಕ್ಷೆಯೂ ಸೇರಿತು. ಈ ಪರೀಕ್ಷೆಗಳೆಲ್ಲವೂ ಮೊದಲನೆಯ ದೋಷವನ್ನು, ಅಂದರೆ ಅಪಾತ್ರನು ಉಣ್ಣುವದನ್ನು, ತಡೆಯುವ ಸಲುವಾಗಿ ಹುಟ್ಟಿದವುಗಳು.

ಈ ಎಚ್ಚರಿಕೆಯು ಇಷ್ಟು ಬಿಗಿಯಾದುದಕ್ಕೆ ಹಿಂದಣ ಕಾರಣವೊಂದಿತ್ತು. ಅದನ್ನು ತಿಳಿಯಲು ಬಂಗಾಲ-ಬಿಹಾರಗಳ ಕಡೆಗೆ ನೋಡಬೇಕಾಗುವದು. ಮೂರು ವರ್ಷಗಳ ಹಿಂದೆ, 1873-74ರಲ್ಲಿ, ಬಿಹಾರ ಪ್ರಾಂತದಲ್ಲಿ ಬೆಳೆ ಹೋದಾಗ ಸರ್ ರಿಚರ್ಡ ಟೆಂಪಲ್ ಎಂಬ ಅಧಿಕಾರಿಯು ಬ್ರಹ್ಮದೇಶದಿಂದ ಹೇರಳವಾಗಿ ಅಕ್ಕಿಯನ್ನು ತರಿಸಿ ಉದಾರವಾಗಿ ಹಂಚಿಸಿದನು. ಹಸಿವೆಯಿಂದ ಸತ್ತವರು ಅತ್ಯಲ್ಪ. ಆದರೆ ಅದಕ್ಕಾಗಿ ಅವನಿಗೆ ಸಿಕ್ಕ ಬಹುಮಾನವು ನಿಂದೆಯೇ. ಅನಾವಶ್ಯಕವಾಗಿ ದ್ರವ್ಯವನ್ನು ಚೆಲ್ಲಿದನೆಂದು ಆಳುವವರ ವಲಯದಲ್ಲಿ ಟೀಕೆಯಾಯಿತು. ಪ್ರಾಣಗಳು ಉಳಿದದ್ದು ಲೆಕ್ಕದಲ್ಲಿ ಕಾಣಲಿಲ್ಲ, ಖರ್ಚಾದದ್ದು ಮಾತ್ರ ಕಂಡಿತು. ಅದೇ ಟೆಂಪಲ್‌ನನ್ನು 1877ರ ಆರಂಭದಲ್ಲಿ ವೈಸರಾಯ ಲಿಟನ್‌ನು ಮದ್ರಾಸು, ಮುಂಬಯಿ ಇಲಾಖೆಗಳ ಕ್ಷಾಮಕಾರ್ಯವನ್ನು ಪರಿಶೀಲಿಸಿ ಖರ್ಚನ್ನು ಹತೋಟಿಯಲ್ಲಿಡುವದಕ್ಕಾಗಿ ಕಳುಹಿಸಿದನು. ಹಿಂದೆ ಉದಾರನೆಂದು ನಿಂದಿತನಾದವನು ಈ ಸಲ ಬಿಗಿಯಾಗಲು ನಿಶ್ಚಯಿಸಿ ಬಂದನೆಂದರೆ ಆಶ್ಚರ್ಯವಿಲ್ಲ.

ಅವನ ಸಲಹೆಯಂತೆ, ದುಡಿಯುವ ಗಂಡಾಳಿನ ಕೂಲಿಯನ್ನು ದಿನಕ್ಕೆ ಒಂದೂವರೆ ರತ್ತಲು ಧಾನ್ಯದ ಬೆಲೆಯಿಂದ ಒಂದು ರತ್ತಲಿಗೆ ಇಳಿಸಿ, ಅದರ ಮೇಲೆ ಒಂದು ಆಣೆಯನ್ನು ಕೊಡುವದೆಂದು ಗೊತ್ತಾಯಿತು. ಮದ್ರಾಸಿನ ಆರೋಗ್ಯಾಧಿಕಾರಿಯಾಗಿದ್ದ ಡಾಕ್ಟರ ಕಾರ್ನಿಶನು ಇದನ್ನು ಬಲವಾಗಿ ವಿರೋಧಿಸಿದನು. ಟೆಂಪಲ್‌ನ ಪರೀಕ್ಷೆಯು ಹಾಜರಿ ಪಟ್ಟಿಯ ಮೇಲೆ ನಿಂತಿದ್ದರೆ ಕಾರ್ನಿಶನ ಪರೀಕ್ಷೆಯು ದುಡಿಯುವವನ ದೇಹದ ಮೇಲೆ ನಿಂತಿತ್ತು. ಇಷ್ಟು ಧಾನ್ಯದಿಂದ ಇಷ್ಟು ಶ್ರಮವನ್ನು ಮಾಡಿದವನ ಶರೀರವು ಏನಾಗುತ್ತಿರುವದು, ಶಿಬಿರಗಳಲ್ಲಿ ಎಷ್ಟು ಜನರು ಸಾಯುತ್ತಿರುವರು, ಇವೇ ಅವನ ಪ್ರಶ್ನೆಗಳು. ಕೆಲ ತಿಂಗಳುಗಳಲ್ಲಿಯೇ ಮದ್ರಾಸು ಸರಕಾರವು ಅವನ ಮಾತಿಗೆ ಮಣಿದು ಕೂಲಿಯನ್ನು ಏರಿಸಬೇಕಾಯಿತು.

ಮುಂಬಯಿ ಇಲಾಖೆಯಲ್ಲಿ ಕೂಲಿಯನ್ನು ಇಳಿಸಿದಾಗ ಸಾವಿರಾರು ಜನರು ಕೆಲಸವನ್ನು ಬಿಟ್ಟು ನಡೆದರು. ಇಲ್ಲಿ ಪರೀಕ್ಷೆಯ ದೊಡ್ಡ ತೊಡಕು ಬಯಲಾಯಿತು. ಬಿಟ್ಟುಹೋದವರಿಗೆ ನಿಜವಾದ ಅವಶ್ಯಕತೆಯೇ ಇರಲಿಲ್ಲವೆಂದು ತಿಳಿದ ಅಧಿಕಾರಿಗಳಿದ್ದರು; ಪಟ್ಟಿಯು ಚಿಕ್ಕದಾದದ್ದು ಆಡಳಿತದ ಯಶಸ್ಸೆಂದು ಅವರಿಗೆ ತೋರಿತು. ಪುಣೆಯ ಸಾರ್ವಜನಿಕ ಸಭೆಯವರಾದರೋ ಹಳ್ಳಿಗಳಿಂದ ವರ್ತಮಾನಗಳನ್ನು ತರಿಸಿ, ಪಟ್ಟಿಯಿಂದ ಹೊರಬಿದ್ದವರ ಗತಿಯೇನಾಯಿತೆಂಬುದನ್ನು ಸರಕಾರದ ಕಿವಿಗೆ ಹಾಕುತ್ತ ಬಂದರು. ಒಂದೇ ಸಂಖ್ಯೆಯನ್ನು ಎರಡು ಕಡೆಯಿಂದ ಓದಿದಂತಾಯಿತು. ಪಟ್ಟಿಯಲ್ಲಿದ್ದವರನ್ನು ಎಣಿಸುವದು ಸುಲಭ. ಪಟ್ಟಿಯಲ್ಲಿ ಇರಬೇಕಾಗಿದ್ದು ಇಲ್ಲದವರನ್ನು ಎಣಿಸುವದಕ್ಕೆ ಕಚೇರಿಯನ್ನು ಬಿಟ್ಟು ಹೊರಗೆ ಹೋಗಬೇಕಾಗುವದು.

ಹಾಗೆ ಎಣಿಸದೆ ಉಳಿದವರನ್ನು ಕೊನೆಗೆ ಖಾನೇಸುಮಾರಿಯೇ ಎಣಿಸಿತು. 1872ರಲ್ಲಿ ಕಲಾದಗಿ ಜಿಲ್ಲೆಯ ಜನಸಂಖ್ಯೆಯು ಸುಮಾರು 8 ಲಕ್ಷ 16 ಸಾವಿರವಿದ್ದದ್ದು 1881ರಲ್ಲಿ ಸುಮಾರು 6 ಲಕ್ಷ 38 ಸಾವಿರಕ್ಕೆ ಇಳಿದಿತ್ತು. ಗುಳೆಹೋದವರನ್ನೂ ಇದರಲ್ಲಿ ಹಿಡಿಯಬೇಕು ನಿಜ. ಆದರೂ ಐವರಲ್ಲಿ ಒಬ್ಬನು ಕಾಣೆಯಾದ ಈ ಲೆಕ್ಕವನ್ನು ಓದುವಾಗ ಎದೆ ನಡುಗುವದು. ಮೈಸೂರು ಸೀಮೆಯಲ್ಲಿಯೂ 1871ರಲ್ಲಿ 50 ಲಕ್ಷವನ್ನು ಮೀರಿದ್ದ ಜನಸಂಖ್ಯೆಯು ಹತ್ತು ವರ್ಷಗಳ ತರುವಾಯ ಸುಮಾರು 42 ಲಕ್ಷಕ್ಕೆ ಬಂದಿತ್ತು. ಒಂದು ಆಣೆಯೂ ಅಪಾತ್ರನಿಗೆ ಹೋಗದಂತೆ ಕಾಯ್ದ ಕಾವಲು, ಪಾತ್ರರಾದವರ ಪ್ರಾಣವನ್ನು ಕಾಯಲಾರದೆ ಹೋಯಿತು.

ಈ ಅನರ್ಥದ ಬಳಿಕ ಸರಕಾರವು ರಿಚರ್ಡ ಸ್ಟ್ರೇಚಿಯ ಅಧ್ಯಕ್ಷತೆಯಲ್ಲಿ ಕ್ಷಾಮ ಆಯೋಗವನ್ನು ನೇಮಿಸಿತು. ಅದು 1880ರಲ್ಲಿ ಕೊಟ್ಟ ವರದಿಯನ್ನನುಸರಿಸಿ 1883ರಲ್ಲಿ ಕ್ಷಾಮನಿವಾರಣೆಯ ನಿಬಂಧನೆಯ ಮೊದಲ ಕರಡು ಹೊರಟಿತು. ಶ್ರಮದ ಪರೀಕ್ಷೆಯನ್ನು ಆಯೋಗದವರು ಬಿಡಲಿಲ್ಲ. ಆದರೆ ಆ ಪರೀಕ್ಷೆಗೆ ಒಳಗಾಗಲಾರದ ಮುದುಕರು, ಕುರುಡರು, ಕುಂಟರು, ರೋಗಿಗಳು ಮೊದಲಾದವರಿಗೆ ಅವರ ಹಳ್ಳಿಯಲ್ಲಿಯೇ ಧರ್ಮಾರ್ಥ ನೆರವು ಸಲ್ಲಬೇಕೆಂದು ವಿಧಿಸಿದರು. ಇದಕ್ಕಾಗಿ ಗೌಡ-ಕುಲಕರ್ಣಿಗಳು ಹಳ್ಳಿಯ ಪಟ್ಟಿಯನ್ನು ಸಿದ್ಧಪಡಿಸುವದು. ಹಲವು ಹಳ್ಳಿಗಳನ್ನು ಒಳಗೊಂಡ ವರ್ತುಲದ ಅಧಿಕಾರಿಯು ಸ್ವತಃ ಊರೂರಿಗೆ ಹೋಗಿ ಪಟ್ಟಿಯಲ್ಲಿಯ ಜನರನ್ನು ಕಣ್ಣಾರೆ ಕಂಡು, ಸೇರಬಾರದವರನ್ನು ತೆಗೆದು ಬಿಟ್ಟುಹೋದವರನ್ನು ಸೇರಿಸುವದು. ಮೇಲಿನ ಅಧಿಕಾರಿಗಳು ಅದನ್ನು ಅಲ್ಲಲ್ಲಿ ತಾಳೆನೋಡುವದು ಎಂದು ಏರ್ಪಾಡಾಯಿತು. ಮರಣಗಳ ಲೆಕ್ಕವನ್ನೂ ಕಾಲಕಾಲಕ್ಕೆ ಮೇಲಕ್ಕೆ ಕಳುಹಬೇಕಾಯಿತು. ಕಾರ್ನಿಶನ ಪ್ರಶ್ನೆಯು ಈ ಪ್ರಕಾರ ಕಾಯಿದೆಯೊಳಗೆ ಸ್ಥಾನವನ್ನು ಪಡೆಯಿತು. ತನಿಖೆಗೆ ಹೋದವನು ಹೆಸರನ್ನು ತೆಗೆಯುವದಕ್ಕೆ ಮಾತ್ರವಲ್ಲ, ಸೇರಿಸುವದಕ್ಕೂ ಹೋಗುವನೆಂಬುದೇ ಇದರಲ್ಲಿಯ ಹೊಸತನವು.

ಇನ್ನೊಂದು ಸಂಗತಿಯು ರಬಕವಿ, ಬನಹಟ್ಟಿಗಳಂಥ ನೇಕಾರರ ಊರುಗಳಿಗೆ ವಿಶೇಷವಾಗಿ ಸಂಬಂಧಿಸಿರುವದು. ನೇಕಾರನ ಬಂಡವಾಳವು ಅವನ ಬೆರಳುಗಳಲ್ಲಿರುವದು. ನೂಲಿನ ಎಳೆಯನ್ನು ಹಿಡಿಯುವ ಕೈಗೆ ಕಲ್ಲೊಡೆಯುವ ಸುತ್ತಿಗೆಯನ್ನು ಕೊಟ್ಟರೆ ಆಳಳತೆಯ ಕೆಲಸವೂ ಆಗದು, ಬರ ಕಳೆದ ಮೇಲೆ ಮಗ್ಗಕ್ಕೆ ಮರಳುವ ಯೋಗ್ಯತೆಯೂ ಉಳಿಯದು. ಅವನು ಕಾಮಗಾರಿಗೆ ಬಾರದಿದ್ದರೆ ಹಸಿದಿಲ್ಲವೆಂದು ಅರ್ಥವಲ್ಲ. ಪರೀಕ್ಷೆಯೇ ಅವನಿಗೆ ಸಲ್ಲತಕ್ಕದ್ದಲ್ಲವೆಂದು ಅರ್ಥವು. 1896-97ರ ಬರದಲ್ಲಿ ಸೊಲ್ಲಾಪುರದ ನೇಕಾರರಿಗೆ ನೂಲನ್ನು ಒದಗಿಸಿ ಅವರ ಸ್ವಂತ ಕಸುಬಿನ ಮೂಲಕವೇ ನೆರವನ್ನು ಕೊಟ್ಟ ಪ್ರಯತ್ನವು ಈ ತಿಳಿವಳಿಕೆಯ ಫಲವು. ಕಾಯಕವನ್ನು ಕೆಡಿಸದೆ ಅನ್ನವನ್ನು ಕೊಡುವದೆಂದರೆ ಇದೇ. ಶರಣರ ತತ್ತ್ವವನ್ನು ಅರಿಯದವರೂ ಅನುಭವದಿಂದ ಅದೇ ಸ್ಥಾನಕ್ಕೆ ಬಂದು ಮುಟ್ಟಿದರು.

ಕಾಲವು ಮುಂದೆ ಸರಿಯಿತು. 1948ರಲ್ಲಿ ಸಾಂಗ್ಲಿ, ಜಮಖಂಡಿ, ಮುಧೋಳ ಸಂಸ್ಥಾನಗಳು ಮುಂಬಯಿ ಪ್ರಾಂತದಲ್ಲಿ ವಿಲೀನವಾದವು. 1956ರಲ್ಲಿ ಈ ಸೀಮೆಯು ಏಕೀಕೃತ ಕನ್ನಡ ರಾಜ್ಯವನ್ನು ಸೇರಿತು. 1997ರಲ್ಲಿ ಬಾಗಲಕೋಟೆಯು ಪ್ರತ್ಯೇಕ ಜಿಲ್ಲೆಯಾಯಿತು. ಬರಗಾಲದಲ್ಲಿ ಮಾತ್ರ ತೆರೆಯುತ್ತಿದ್ದ ನೆರವಿನ ಕಚೇರಿಯು ವರ್ಷವಿಡೀ ತೆರೆದಿರುವ ಕಚೇರಿಯಾಯಿತು. ವೃದ್ಧರಿಗೆ, ವಿಧವೆಯರಿಗೆ, ಅಂಗವಿಕಲರಿಗೆ ಮಾಸಾಶನವೂ, ಬಡಕುಟುಂಬಗಳಿಗೆ ಪಡಿತರ ಧಾನ್ಯವೂ ದಯೆಯ ಮಾತಾಗಿರದೆ ಕಾಯಿದೆಯ ಮಾತಾದವು. ಆದರೆ ಪಟ್ಟಿಯ ಎರಡು ದೋಷಗಳು ಹಳೆಯವೇ. ಉಳ್ಳವನ ಮನೆಗೆ ಬಡವನ ಚೀಟಿಯು ಹೋಗುವದೂ, ಹೆಬ್ಬೆರಳಿನ ಗುರುತು ಯಂತ್ರದಲ್ಲಿ ಮೂಡದ ಮುದುಕಿಯು ಬರಿಗೈಯಲ್ಲಿ ಮರಳುವದೂ ಒಂದೇ ಕಚೇರಿಯಲ್ಲಿ ಸಂಭವಿಸಬಲ್ಲವು. ಮೊದಲನೆಯದು ಪತ್ತೆಯಾದರೆ ವರ್ತಮಾನವಾಗುವದು; ಎರಡನೆಯದು ಅವಳ ಓಣಿಯವರಿಗೆ ಮಾತ್ರ ತಿಳಿಯುವದು.

ಆದ್ದರಿಂದಲೇ 2005ರ ಗ್ರಾಮೀಣ ಉದ್ಯೋಗ ಖಾತ್ರಿಯ ಕಾಯಿದೆಯು ಕಾಮಗಾರಿಗಳ ಸಾಮಾಜಿಕ ಲೆಕ್ಕಪರಿಶೋಧನೆಯನ್ನು ಗ್ರಾಮಸಭೆಗೆ ಒಪ್ಪಿಸಿತು. 2013ರ ಆಹಾರ ಭದ್ರತಾ ಕಾಯಿದೆಯೂ ಪಡಿತರದ ವಿಷಯದಲ್ಲಿ ಅಂಥದೇ ಪರಿಶೋಧನೆಯನ್ನೂ ಜಾಗೃತಿ ಸಮಿತಿಗಳನ್ನೂ ವಿಧಿಸಿತು. ಊರ ಜನರ ನಡುವೆ ಪಟ್ಟಿಯನ್ನು ಗಟ್ಟಿಯಾಗಿ ಓದಿದಾಗ, ಸತ್ತವನ ಹೆಸರಿನಲ್ಲಿ ಕೂಲಿಯನ್ನು ಎತ್ತಿದ್ದನ್ನು ಒಬ್ಬನು ಹೇಳುವನು. ಬದುಕಿದ್ದವಳ ಹೆಸರು ಬಿಟ್ಟುಹೋದದ್ದನ್ನು ಇನ್ನೊಬ್ಬನು ಹೇಳುವನು. ದೂರದ ಕಚೇರಿಯ ಕಾರಕೂನನು ಎಷ್ಟೇ ಪ್ರಾಮಾಣಿಕನಾಗಿದ್ದರೂ ಈ ಎರಡನೆಯ ಮಾತನ್ನು ತಾನಾಗಿ ತಿಳಿಯಲಾರನು. ಒಂಬೈನೂರು ವರ್ಷಗಳ ಹಿಂದೆ ದಾನಶಾಸನವನ್ನು ಊರ ನಡುವೆ ನಿಲ್ಲಿಸಿದವರ ಬುದ್ಧಿಯು ಇದರಲ್ಲಿ ಹೊಸ ರೂಪದಿಂದ ಮರಳಿ ಬಂದಿರುವದು. ಗ್ರಾಮಸಭೆಯು ಕಾಗದದ ಮೇಲೆ ಮಾತ್ರ ನಡೆದರೆ ಈ ಕಾಯಿದೆಗಳೂ ಓದುವವರಿಲ್ಲದ ಕಲ್ಲಿನಂತಾಗುವವು.

ಮಠದ ಸದ್ಭಕ್ತರು ಈ ಇತಿಹಾಸದಿಂದ ಗ್ರಹಿಸತಕ್ಕದ್ದು ಸ್ಪಷ್ಟವಾಗಿರುವದು. ದಾಸೋಹಕ್ಕೆ ಜೋಳವನ್ನು ಕೊಟ್ಟ ರೈತನಿಗೂ ಮುಡಿಪನ್ನು ಕಟ್ಟಿದ ತಾಯಿಗೂ ಲೆಕ್ಕವನ್ನು ಕೇಳುವ ಅಧಿಕಾರವುಂಟು. ಹಾಗೆ ಕೇಳುವದು ಗುರುದ್ರೋಹವಲ್ಲ. ಭಂಡಾರಿ ಬಸವಣ್ಣನವರು ಬೀಗವನ್ನು ತೆಗೆದು ತೋರಿಸಿದ ಮೇಲೆ, ಅವರ ಹೆಸರಿನಿಂದ ಉಗ್ರಾಣವನ್ನು ನಡೆಯಿಸುವವರು ಬೀಗದ ಕೈಯನ್ನು ಬಚ್ಚಿಡುವದು ಸಲ್ಲದು. ಆದರೆ ಲೆಕ್ಕವೆಂದರೆ ಖರ್ಚಾದ ಸೇರು-ಪಾವುಗಳ ಮೊತ್ತವಷ್ಟೇ ಅಲ್ಲ. ಪಂಕ್ತಿಯಲ್ಲಿ ಕುಳಿತವರಲ್ಲಿ ಯಾರು ಅನರ್ಹರೆಂದು ಹುಡುಕುವ ಕಣ್ಣು ಒಂದಿದ್ದರೆ, ಪಂಕ್ತಿಗೆ ಬರಲಾರದೆ ಊರಂಚಿನ ಗುಡಿಸಲಿನಲ್ಲಿ ಉಳಿದವರು ಯಾರೆಂದು ಹುಡುಕುವ ಕಣ್ಣು ಎರಡಿರಬೇಕು. ಏಕೆಂದರೆ ಅನರ್ಹನೊಬ್ಬನು ಉಂಡ ತುತ್ತನ್ನು ಮುಂದಿನ ಸುಗ್ಗಿಯು ತುಂಬಿಕೊಡುವದು. ಅರ್ಹನೊಬ್ಬನು ಹಸಿವೆಯಿಂದ ಹೋದರೆ ಆ ನಷ್ಟವನ್ನು ತುಂಬುವ ಸುಗ್ಗಿಯು ಎಂದಿಗೂ ಬಾರದು.

ಶ್ರೀಮಠದ ಈ ಮಹೋತ್ಸವದ ಪಂಕ್ತಿಯಲ್ಲಿ ಕುಳಿತು ಪ್ರಸಾದವನ್ನು ಸ್ವೀಕರಿಸುವ ಪ್ರತಿಯೊಬ್ಬ ಭಕ್ತನೂ, ತನ್ನ ಓಣಿಯಲ್ಲಿ ಪಟ್ಟಿಗೆ ಸೇರದೆ ಉಳಿದ ಒಬ್ಬರ ಹೆಸರನ್ನು ಮಠಕ್ಕಾಗಲಿ ಗ್ರಾಮಸಭೆಗಾಗಲಿ ತಿಳಿಸುವದು ಈ ಕಾಲದ ದಾಸೋಹವಾಗುವದು. ಅಂಥ ಬುದ್ಧಿಯನ್ನೂ ಅದನ್ನು ನಡೆಯಿಸುವ ಧೈರ್ಯವನ್ನೂ ಶ್ರೀಗುರು ಬಸವೇಶ್ವರನು ಸಕಲರಿಗೂ ಅನುಗ್ರಹಿಸಲಿ.